ಕೇಶ ಸಲಹೆ: ಮಳೆಗಾಲದಲ್ಲಿ ಬುಡ ಒದ್ದೆ, ಎಳೆ ಒಣಕಲು

ಪ್ರಶ್ನೆ: ಅಕ್ಕಾ, ನಾನು ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ, ಆಫ್ರಿಕಾ ಮೂಲದ ಸಮುದಾಯ ನಮ್ಮದು. ಓದಲು ಬಂದು ಪೊನ್ನಂಪೇಟೆಯಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ. ರಜೆಗೆ ಊರಿಗೆ ಹೋದಾಗ ಚಿಕ್ಕಮ್ಮ ಎಕ್ಸ್‌ಟೆನ್ಶನ್ (ಜಡೆಗೆ ಸೇರಿಸುವ ಕೃತಕ ಕೂದಲು) ಸೇರಿಸಿ ತಲೆ ತುಂಬ ಸಣ್ಣ ಸಣ್ಣ ಜಡೆ ಹೆಣೆದು ಕಳಿಸಿದರು. ಜೂನ್‌ನಿಂದ ಇಲ್ಲಿ ಮಳೆ ಬಿಟ್ಟಿಲ್ಲ. ನೆತ್ತಿ ಯಾವಾಗಲೂ ತಣ್ಣಗೆ, ತುರಿಕೆ, ಮುಗ್ಗಲು ವಾಸನೆ ಬೇರೆ. ಆದರೆ ಜಡೆಯೊಳಗಿನ ನನ್ನ ಕೂದಲು ಮುಟ್ಟಿದರೆ ತೆಂಗಿನ ನಾರಿನ ಹಾಗೆ ಒರಟು. ದಿನಾ ತಲೆಗೆ ಎಣ್ಣೆ ಹಚ್ಚುತ್ತೇನೆ, ಏನೂ ಪ್ರಯೋಜನವಿಲ್ಲ. ಗೆಳತಿಯರು ಸ್ಟ್ರೇಟ್ನಿಂಗ್ ಮಾಡಿಸು ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಪೊನ್ನಂಪೇಟೆ

ಉತ್ತರ: ತಂಗೀ, ಸ್ಟ್ರೇಟ್ನಿಂಗ್ ವಿಷಯ ಮೊದಲು ಮುಗಿಸೋಣ. ಮಾಡಿಸಬೇಡ. ನಿನ್ನ ಕೂದಲಿನಲ್ಲಿ ದೋಷವೇನೂ ಇಲ್ಲ. ಅದನ್ನು ನೋಡಿಕೊಳ್ಳುವ ಕ್ರಮ ಬೇರೆ, ಅದು ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿಲ್ಲ, ಅಷ್ಟೆ. ಗೋಣಿಕೊಪ್ಪದಲ್ಲಿ ಪಾರ್ಲರ್ ತೆರೆಯುವ ಮೊದಲು ನಾನು ಬೆಂಗಳೂರಿನಲ್ಲಿ ಕೆಲಸ ಕಲಿತವಳು. ಅಲ್ಲಿಗೆ ಓದಲು ಬಂದಿದ್ದ ನೈಜೀರಿಯಾ, ಟಾಂಜಾನಿಯಾದ ಹುಡುಗಿಯರು ನಮ್ಮಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದರು. ಅವರು ಕೂತಲ್ಲಿಂದಲೇ ನನಗೆ ಕಲಿಸಿದ್ದು ಯಾವ ಕೋರ್ಸಿನಲ್ಲೂ ಸಿಗಲಿಲ್ಲ. ಇಲ್ಲಿ ಬರೆಯುವುದರಲ್ಲಿ ಬಹುಪಾಲು ಅವರ ತಿಳಿವಳಿಕೆಯೇ.

ನೆತ್ತಿಯಿಂದ ಸಹಜವಾಗಿ ಒಂದು ಜಿಡ್ಡು ಒಸರುತ್ತದೆ. ನೇರ ಕೂದಲಿನಲ್ಲಿ ಅದು ಸರಾಗವಾಗಿ ತುದಿಯವರೆಗೆ ಇಳಿಯುತ್ತದೆ. ನಿನ್ನಂಥ ಸುರುಳಿ ಕೂದಲಿನಲ್ಲಿ ಪ್ರತಿ ತಿರುವಿನಲ್ಲೂ ತಡೆದು ಬುಡದಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಬುಡ ಜಿಡ್ಡಾಗಿದ್ದರೂ ಎಳೆ ಒಣಗುತ್ತದೆ. ಅದರ ಮೇಲೆ ಕೊಡಗಿನ ಮಳೆಗಾಲ. ಗಾಳಿಯಲ್ಲಿ ಇಷ್ಟು ತೇವ ಇರುವಾಗ ಕೂದಲು ಹೇಗೆ ಒಣಗುತ್ತದೆ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಮಳೆಯ ತೇವ ಬುಡದಲ್ಲಿ ನಿಂತು ತೊಂದರೆ ಕೊಡುತ್ತದೆಯೇ ಹೊರತು ಎಳೆಯನ್ನು ಮೃದು ಮಾಡುವುದಿಲ್ಲ. ಜಡೆ ಹಾಕಿದ ಮೇಲೆ ಬುಡಕ್ಕೆ ಒಂದು ಆರೈಕೆ, ಎಳೆಗೆ ಇನ್ನೊಂದು ಆರೈಕೆ ಎಂದು ಬೇರೆ ಮಾಡಿಕೋ. ಬುಡ ಶುಭ್ರವಾಗಿ ಒಣಗಿರಬೇಕು. ಎಳೆಗೆ ನೀರು ಸಿಗುತ್ತಿರಬೇಕು.

ನೆತ್ತಿಗೆ ದಿನಾ ಎಣ್ಣೆ ಹಚ್ಚುವುದನ್ನು ಇವತ್ತೇ ನಿಲ್ಲಿಸು. ಎಲ್ಲರ ನೆತ್ತಿಯಲ್ಲೂ ಇರುವ ಮಲಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಜಿಡ್ಡು, ತೇವ ಎರಡೂ ಸಿಕ್ಕಿದರೆ ಹೊಟ್ಟು, ತುರಿಕೆ ಏರುತ್ತವೆ. ಎಣ್ಣೆ ನೀರು ಕೊಡುವುದೂ ಇಲ್ಲ. ಒಳಗೆ ಇರುವ ನೀರು ಹಾರದಂತೆ ತಡೆಯುತ್ತದೆ. ಒಳಗೆ ನೀರೇ ಇಲ್ಲದಾಗ ಅದು ಏನನ್ನು ತಡೆಯಬೇಕು? ಆದ್ದರಿಂದ ಮೊದಲು ನೀರು, ಆಮೇಲೆ ಎಣ್ಣೆ.

ಒಂದು ಸ್ಪ್ರೇ ಬಾಟಲಿಗೆ ಕುದಿಸಿ ಆರಿಸಿದ ನೀರು ಒಂದು ಲೋಟ, ಲೀವ್-ಇನ್ ಕಂಡಿಷನರ್ (ಹಚ್ಚಿದ ಮೇಲೆ ತೊಳೆಯದೆ ಬಿಡುವಂಥದ್ದು) ಒಂದು ಚಮಚ ಹಾಕಿ ಕುಲುಕು. ಎರಡು ಮೂರು ದಿನಕ್ಕಾಗುವಷ್ಟೇ ಮಾಡು, ಇಟ್ಟರೆ ಕೆಡುತ್ತದೆ. ಕಿವಿಯ ಮಟ್ಟದಿಂದ ಕೆಳಗೆ ಜಡೆಗಳ ಮೇಲೆ ಹನಿಸಿ, ಅಂಗೈಯಲ್ಲಿ ಹಿಡಿದು ಮೆಲ್ಲಗೆ ಹಿಂಡು, ನೀರು ಒಳಗಿನ ನಿನ್ನ ಕೂದಲಿಗೆ ತಲುಪಬೇಕು. ತೊಟ್ಟಿಕ್ಕುವಷ್ಟು ಬೇಡ. ಬಳಿಕ ನಾಲ್ಕೈದು ಹನಿ ಕೊಬ್ಬರಿ ಎಣ್ಣೆಯನ್ನು ಕೈಯಲ್ಲಿ ಉಜ್ಜಿ ಎಳೆಯ ಉದ್ದಕ್ಕೂ ಸವರು. ನಿನ್ನ ಕೂದಲು ಕೊನೆಯಾಗಿ ಎಕ್ಸ್‌ಟೆನ್ಶನ್ ಮಾತ್ರ ಉಳಿಯುವ ಜಾಗ ಎಲ್ಲಿದೆ ಎಂದು ಬೆರಳಿಗೆ ತಿಳಿಯುತ್ತದೆ. ಅಲ್ಲಿ ಸ್ವಲ್ಪ ಹೆಚ್ಚು, ಒಡೆಯುವುದು ಅಲ್ಲೇ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ನಮ್ಮಲ್ಲಿ ಜುಲೈನಲ್ಲೂ ಬಾಟಲಿಯಲ್ಲಿ ಹೆಪ್ಪುಗಟ್ಟುತ್ತದೆ. ಗಟ್ಟಿಯನ್ನೇ ಮೆತ್ತಿದರೆ ಜಡೆಯ ಸಂದಿಯಲ್ಲಿ ಬಿಳಿಯಾಗಿ ಕೂರುತ್ತದೆ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೋ. ಈ ಎಣ್ಣೆಯನ್ನೇ ಏಕೆ ಹೇಳುತ್ತೇನೆಂದರೆ, ಇದು ಕೂದಲಿನ ಒಳಕ್ಕೆ ಇಳಿದು ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ, ಮಿನರಲ್ ಆಯಿಲ್, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹರಳೆಣ್ಣೆ ಜಡೆಗೆ ಬೇಡ. ದಪ್ಪ, ಅಂಟು, ದೂಳು ಹಿಡಿದುಬಿಡುತ್ತದೆ.

ಮಳೆಗಾಲದಲ್ಲಿ ಇದು ವಾರಕ್ಕೆ ಎರಡು ಮೂರು ಸಲ ಸಾಕು. ಜನವರಿ–ಫೆಬ್ರವರಿಯಲ್ಲಿ, ಕಾಫಿ ಕುಯ್ಯುವ ಹೊತ್ತಿಗೆ, ಬೆಳಗ್ಗೆ ಚಳಿ, ಮಧ್ಯಾಹ್ನ ಒಣ ಬಿಸಿಲು. ಆಗ ದಿನ ಬಿಟ್ಟು ದಿನ ಬೇಕಾಗುತ್ತದೆ. ಗ್ಲಿಸರಿನ್ ಹೆಚ್ಚಿರುವ ಕಂಡಿಷನರ್ ಬಗ್ಗೆಯೂ ಎಚ್ಚರ. ಅದು ಎಲ್ಲಿ ನೀರಿದೆಯೋ ಅಲ್ಲಿಂದ ಎಳೆಯುವ ವಸ್ತು. ಜುಲೈನ ಗಾಳಿಯಿಂದ ಎಳೆದು ಕೂದಲು ಉಬ್ಬಿ ಜಡೆಯಿಂದ ಹೊರಬರುತ್ತದೆ, ಒಣ ಹವೆಯಲ್ಲಿ ಕೂದಲಿನಿಂದಲೇ ಎಳೆದುಕೊಳ್ಳುತ್ತದೆ.

ಇನ್ನು ತೊಳೆಯುವುದು. ಜಡೆ ಕೆಡುತ್ತದೆ ಎಂದು ತಿಂಗಳುಗಟ್ಟಲೆ ತೊಳೆಯದೆ ಇರುವವರನ್ನು ನಾನು ನೋಡಿದ್ದೇನೆ. ಅದು ಬೇಡ. ಹತ್ತು–ಹದಿನಾಲ್ಕು ದಿನಕ್ಕೊಮ್ಮೆ ತೊಳೆ. ಸಾಸ್ ಹಾಕುವ ಮೂತಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಶಾಂಪೂಗೆ ಧಾರಾಳ ನೀರು ಬೆರೆಸಿ, ಬೈತಲೆ ಬೈತಲೆಗೆ ಮೂತಿ ಇಟ್ಟು ಬಿಡು. ಉಗುರು ತಾಗಿಸದೆ ಬೆರಳ ತುದಿಯಿಂದ ಉಜ್ಜು. ಜಡೆಗಳನ್ನು ತಿಕ್ಕಬೇಡ, ನೊರೆ ಇಳಿಯುವಾಗ ಹಿಂಡಿದರೆ ಸಾಕು. ತುರಿಕೆ ಇರುವುದರಿಂದ ಒಂದೆರಡು ಸಲ ಶಿಲೀಂಧ್ರ ತಡೆಯುವ ಕೀಟೊಕೊನಜೋಲ್ ಶಾಂಪೂ ಬಳಸು, ಐದು ನಿಮಿಷ ಬಿಟ್ಟು ತೊಳೆ, ಅದು ಎಳೆಯನ್ನು ಒಣಗಿಸುತ್ತದೆ, ಬುಡಕ್ಕಷ್ಟೇ ಹಾಕು. ಕಂಡಿಷನರ್ ಎಳೆಗೆ ಮಾತ್ರ.

ಒಣಗಿಸುವುದೇ ಇಲ್ಲಿ ಕಷ್ಟದ ಕೆಲಸ. ರಾತ್ರಿ ತಲೆಸ್ನಾನ ಮಾಡಬೇಡ. ಬೆಳಗ್ಗೆ, ಕರೆಂಟ್ ಇದೆಯೇ ನೋಡಿಕೊಂಡೇ ಶುರುಮಾಡು. ಹಳೆಯ ಹತ್ತಿ ಬನಿಯನ್ನಿನಲ್ಲಿ ಜಡೆಗಳನ್ನು ಸುತ್ತಿ ಒತ್ತು. ನಂತರ ಡ್ರೈಯರ್ ಅನ್ನು ತಣ್ಣನೆ ಗಾಳಿಗಿಟ್ಟು ಮೊದಲು ಬೈತಲೆಗಳಿಗೆ ಹಿಡಿ, ಜಡೆಯ ತುದಿ ತಾನಾಗಿ ಒಣಗಲಿ. ಒದ್ದೆ ಜಡೆಯನ್ನು ಗಂಟು ಕಟ್ಟಿ ಮಲಗಿದರೆ ಮುಗ್ಗಲು ಬಂದೇ ಬರುತ್ತದೆ. ಮನೆಗಳಲ್ಲಿ ಮಳೆಗಾಲದ ಬಟ್ಟೆಯನ್ನು ಒಲೆಯ ಹತ್ತಿರ ಒಣಹಾಕುವ ರೂಢಿ ಇದೆ. ಎಕ್ಸ್‌ಟೆನ್ಶನ್ ಹಾಕಿದ ತಲೆಯನ್ನು ಎಂದೂ ಬೆಂಕಿಯ ಹತ್ತಿರ ಒಯ್ಯಬೇಡ, ಸಿಂಥೆಟಿಕ್ ಎಳೆ ಕರಗಿ ಚರ್ಮಕ್ಕೆ ಅಂಟುತ್ತದೆ. ತೊಳೆದು ಪೂರ್ತಿ ಒಣಗಿಸಿದ ಮೇಲೂ ವಾಸನೆ ಉಳಿದರೆ ಆ ಜಡೆ ಬಿಚ್ಚಬೇಕು. ಹಾಕಲು ಎಷ್ಟು ಗಂಟೆ ಕೂತಿದ್ದೆ ಎಂದು ಲೆಕ್ಕ ಹಾಕಬೇಡ.

ಮಲಗುವಾಗ ತಲೆಗೆ ರೇಷ್ಮೆ ಅಥವಾ ಸ್ಯಾಟಿನ್ ಬಟ್ಟೆ ಕಟ್ಟು. ಹತ್ತಿಯ ದಿಂಬು ನೀನು ಹಚ್ಚಿದ್ದನ್ನೆಲ್ಲ ಹೀರಿಕೊಂಡು ಎಳೆಯನ್ನು ಉಜ್ಜುತ್ತದೆ. ಹರಿದ ರೇಷ್ಮೆ ಸೀರೆಯ ತುಂಡಾದರೂ ಸಾಕು. ನಮ್ಮಲ್ಲಿ ತೋಟಕ್ಕೆ ಹೋಗುವಾಗ ಹೆಂಗಸರು ವಸ್ತ್ರ ಕಟ್ಟುತ್ತಾರಲ್ಲ, ಅದಕ್ಕೂ ಒಳಗೆ ಸ್ಯಾಟಿನ್ ಅಸ್ತರಿ ಹೊಲಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಆರು ವಾರ, ಹೆಚ್ಚೆಂದರೆ ಎಂಟು. ಅದಕ್ಕಿಂತ ಹೆಚ್ಚು ಕಾಲ ಒಂದೇ ಜಡೆ ಇಟ್ಟುಕೊಳ್ಳಬೇಡ. ಮತ್ತೆ ಹಾಕಿಸುವ ಮೊದಲು ಎರಡು ವಾರವಾದರೂ ತಲೆಗೆ ಬಿಡುವು ಕೊಡು.

ಪ್ರಶ್ನೆ: ಎರಡು ತಿಂಗಳ ಬಾಕ್ಸ್ ಬ್ರೇಡ್ಸ್ (ಚೌಕ ಚೌಕವಾಗಿ ಬೈತಲೆ ತೆಗೆದು ಹೆಣೆದ ಸಣ್ಣ ಜಡೆಗಳು) ಬಿಚ್ಚಿದೆ. ಕೈತುಂಬ ಕೂದಲು ಬಂತು. ಅಳು ಬಂದು ಹಾಗೇ ಕೂತೆ. ತಲೆ ಬೋಳಾಗುತ್ತದೆಯೇ?
— ಓದುಗಿ, ಕುಶಾಲನಗರ

ಉತ್ತರ: ಬೋಳಾಗುವುದಿಲ್ಲಮ್ಮ, ಸಮಾಧಾನ ಮಾಡಿಕೊಳ್ಳಿ. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಎಂಟು ವಾರವೆಂದರೆ 56 ದಿನ, 2,800ರಿಂದ 5,600 ಕೂದಲು. ಜಡೆಯೊಳಗೆ ಸಿಕ್ಕಿಕೊಂಡು ಬೀಳಲಾಗದೆ ಇದ್ದವು ಒಟ್ಟಿಗೆ ಕೈಗೆ ಬಂದವು. ಒಂದನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದ ಸಹಜವಾಗಿ ಉದುರಿದ ಕೂದಲು. ಗಂಟಿಲ್ಲದ ತುಂಡುಗಳೇ ಹೆಚ್ಚಾಗಿದ್ದರೆ ಎಳೆ ಒಣಗಿ ಮುರಿದಿದೆ ಎಂದರ್ಥ, ಆಗ ಮೇಲಿನ ತಂಗಿಗೆ ಹೇಳಿದ ಕ್ರಮ ನಿಮಗೂ ಅನ್ವಯ.

ಮುಂದಿನ ಸಲ ಬಿಚ್ಚಿದ ಕೂಡಲೇ ತಲೆಗೆ ನೀರು ಸುರಿಯಬೇಡಿ. ಉದುರಿದ ಕೂದಲು, ಬುಡದಲ್ಲಿ ಕೂತ ದೂಳು ಎಲ್ಲ ಸೇರಿ ಬಿಡಿಸಲಾಗದ ಸಿಕ್ಕಾಗುತ್ತದೆ. ಬುಡದಲ್ಲಿ ದೂಳು ಕೂತು ಆದ ಬೂದು ಉಂಗುರಕ್ಕೆ ಕಂಡಿಷನರ್ ಹಚ್ಚಿ, ಬೆರಳಿನಿಂದ ಬಿಡಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಾಚಿ. ತೊಳೆಯುವುದು ಕೊನೆಗೆ.

ಪ್ರಶ್ನೆ: ನನ್ನ ಮಗಳು ಹಾಸ್ಟೆಲ್‌ನಲ್ಲಿದ್ದು ಹಾಕಿ ಆಟ ಆಡುತ್ತಾಳೆ. ಕೂದಲು ಕಣ್ಣಿಗೆ ಬರಬಾರದೆಂದು ಯಾವಾಗಲೂ ತಲೆಗೆ ಅಂಟಿಸಿದ ಹಾಗೆ ಬಿಗಿಯಾಗಿ ಹೆಣೆಯುತ್ತಾರೆ. ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದಿವೆ, ಕೂದಲು ತೆಳುವಾದಂತೆ ಕಾಣುತ್ತದೆ. ಹೊಸದರಲ್ಲಿ ನೋವು ಇರುವುದೇ, ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?
— ತಾಯಿ, ವಿರಾಜಪೇಟೆ

ಉತ್ತರ: ನಿಜವಲ್ಲ. ಈ ಪ್ರಶ್ನೆಯನ್ನು ಬೇರೆ ತಾಯಂದಿರೂ ದಯವಿಟ್ಟು ಓದಬೇಕು. ಜಡೆ ಹಾಕಿದ ದಿನ ನೋವಾದರೆ ಅದು ಬಿಗಿಯಾಯಿತೆಂದು ತಲೆ ಹೇಳುತ್ತಿದೆ. ಗುಳ್ಳೆ ಎದ್ದರೆ ಕೂದಲಿನ ಬುಡಕ್ಕೆ ಆಗಲೇ ಪೆಟ್ಟು ಬಿದ್ದಿದೆ. ಸತತ ಎಳೆತದಿಂದ ಕೂದಲು ಹೋಗುವುದನ್ನು ವೈದ್ಯರು ಟ್ರಾಕ್ಷನ್ ಅಲೋಪೀಷಿಯಾ ಎನ್ನುತ್ತಾರೆ. ಆರಂಭದಲ್ಲೇ ಎಳೆತ ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಕೂದಲು ಹುಟ್ಟುವ ಬುಡವೇ ಕಲೆಗಟ್ಟಿ ಮುಚ್ಚುತ್ತದೆ, ಆಮೇಲೆ ಯಾವ ಎಣ್ಣೆಯೂ, ಯಾವ ಸೀರಮ್ಮೂ ಅದನ್ನು ತೆರೆಯಲಾರದು.

ಆ ಜಡೆಗಳನ್ನು ಈ ವಾರವೇ ಬಿಚ್ಚಿಸಿ. ಗುಳ್ಳೆ ಆರುವವರೆಗೆ ಏನೂ ಹೆಣೆಯಬೇಡಿ. ಆಟಕ್ಕೆ ಸಡಿಲವಾದ ಎರಡು ಜಡೆ, ಮುಂದಿನ ಪುಟ್ಟ ಕೂದಲಿಗೆ ಅಗಲವಾದ ಬಟ್ಟೆಯ ಹೆಡ್‌ಬ್ಯಾಂಡ್ ಸಾಕು. ಹಣೆಯಂಚಿನ ಎಳೆಗೂದಲನ್ನು ಜಡೆಗೆ ಸೇರಿಸಲೇಬಾರದು. ಹುಬ್ಬು ಎತ್ತಿದಾಗ ಚರ್ಮ ಜಗ್ಗಿದಂತೆ ಅನಿಸಿದರೆ ಜಡೆ ಬಿಗಿಯಾಗಿದೆ ಎಂದು ಮಗಳಿಗೂ ಹೇಳಿಕೊಡಿ, ಹಾಸ್ಟೆಲ್‌ನಲ್ಲಿ ನೀವು ಜೊತೆಗಿರುವುದಿಲ್ಲ. ತೆಳುವಾದ ಜಾಗವನ್ನು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಹತ್ತಿರದ ಚರ್ಮವೈದ್ಯರಿಗೋ ತೋರಿಸಿ, ತಡಮಾಡಬೇಡಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮದುವೆ. ನನ್ನದು ಗುಂಗುರು, ಗಿಡ್ಡ ಕೂದಲು. ಕಾರ್ನ್‌ರೋ (ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಜಡೆ) ಹೆಣೆದು ಅದರ ಮೇಲೆ ವೀವ್, ಅಂದರೆ ಹೊಲಿದು ಕೂರಿಸುವ ಕೂದಲು, ಹೊಲಿಸಿಕೊಳ್ಳುವ ಆಸೆ. ಅಜ್ಜಿ ಚೌರಿ ಸಾಕು ಎನ್ನುತ್ತಾರೆ.
— ಮದುಮಗಳು, ನಾಪೋಕ್ಲು

ಉತ್ತರ: ಈ ವಿಷಯದಲ್ಲಿ ನಾನು ನಿಮ್ಮ ಅಜ್ಜಿಯ ಪಕ್ಷ. ಕೊಡವ ಮದುವೆಯ ಗಂಗಾಪೂಜೆಯಲ್ಲಿ ಮದುಮಗಳು ತಲೆಯ ಮೇಲೆ ನೀರಿನ ಬಿಂದಿಗೆ ಹೊರಬೇಕು, ಮುಂದೆ ಕುಣಿಯುವವರು ದಾರಿ ಬಿಡುವವರೆಗೆ ನಿಂತೇ ಇರಬೇಕು. ಸಿಂಬಿ ಕೂರುವ ನೆತ್ತಿಯ ಮೇಲೆ ಹೊಲಿದ ಗಂಟುಗಳಿದ್ದರೆ ಅಷ್ಟು ಭಾರವೂ ಕೂದಲಿನ ಬುಡಕ್ಕೇ ಬೀಳುತ್ತದೆ. ತುರುಬಿಗೆ ಚೌರಿ ಸೇರಿಸಿ ಪಿನ್ ಹಾಕಿದರೆ ರಾತ್ರಿ ತೆಗೆದಿಡಬಹುದು.

ವೀವ್ ಬೇಕೇ ಬೇಕೆಂದಾದರೆ ಮದುವೆಗೆ ಒಂದು ವಾರ ಮುಂಚೆ ಹೊಲಿಸಿ, ಹಿಂದಿನ ದಿನ ಬೇಡ, ನೋವಾದರೆ ಸರಿಪಡಿಸಲು ಸಮಯ ಬೇಕು. ನೆತ್ತಿಯ ಭಾಗ ಖಾಲಿ ಬಿಡಲು ಹೇಳಿ. ಅಂಟು ಹಾಕಿ ಕೂರಿಸುವ ಬಗೆಗೆ ಒಪ್ಪಬೇಡಿ, ತೆಗೆಯುವಾಗ ನಿಮ್ಮ ಕೂದಲೂ ಜೊತೆಗೆ ಬರುತ್ತದೆ. ಕೆಳಗಿನ ಕಾರ್ನ್‌ರೋ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಜನ ಅದನ್ನು ಮರೆತುಬಿಡುತ್ತಾರೆ. ಮೂತಿ ಬಾಟಲಿಯಲ್ಲಿ ಸಾಲುಗಳ ನಡುವೆ ತೊಳೆದು, ಸಾಲಿನ ಅಡಿಗೂ ಡ್ರೈಯರ್‌ನ ತಣ್ಣನೆ ಗಾಳಿ ಹಿಡಿಯಲೇಬೇಕು. ಸೀಗೆಪುಡಿ ಬೇಡ, ಹೊಲಿಗೆಯೊಳಗೆ ಸಿಕ್ಕಿದ ಪುಡಿ ಹೊರಬರುವುದಿಲ್ಲ. ದಾಸವಾಳ ಸೊಪ್ಪಿನ ಗೊಂಪು (ಲೋಳೆ) ಆಗಬಹುದು, ತೆಳುವಾದ ಬಟ್ಟೆಯಲ್ಲಿ ಎರಡು ಸಲ ಸೋಸಿ.

ಪ್ರಶ್ನೆ: ಸಿಂಥೆಟಿಕ್ ಎಕ್ಸ್‌ಟೆನ್ಶನ್ ಹಾಕುವ ಮೊದಲು ವಿನೆಗರ್ ನೀರಿನಲ್ಲಿ ನೆನೆಸಬೇಕಂತೆ. ಮನೆಯಲ್ಲಿ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಇದೆ, ಅದನ್ನೇ ಹಾಕಲೇ?
— ಓದುಗಿ, ಮಡಿಕೇರಿ

ಉತ್ತರ: ಬೇಡ. ಕಾಚಂಪುಳಿಯನ್ನು ಗಟ್ಟಿಯಾಗಿ, ಕಪ್ಪಾಗುವವರೆಗೆ ಕಾಯಿಸಿರುತ್ತಾರೆ. ಹುಳಿ ವಿಪರೀತ, ಅಂಟೂ ಇದೆ, ಪಂದಿ ಕರಿಗೇ (ಹಂದಿಮಾಂಸದ ಸಾರಿಗೇ) ಇರಲಿ. ಅಂಗಡಿಯ ಬಿಳಿ ವಿನೆಗರ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿ ಎಕ್ಸ್‌ಟೆನ್ಶನ್ ಅನ್ನು ಅರ್ಧ ಗಂಟೆ ಮುಳುಗಿಸಿಡಿ. ಅದರ ಮೇಲಿನ ಲೇಪ ಬಿಳಿಯಾಗಿ ತೇಲಿಬರುತ್ತದೆ, ಕೆಲವರಿಗೆ ತುರಿಕೆ ತರುವುದು ಆ ಲೇಪವೇ. ಚೆನ್ನಾಗಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಹೆಣೆಸಿ. ಮಳೆಗಾಲವಾದರೆ ಅದಕ್ಕೇ ಎರಡು ದಿನ ಹಿಡಿಯುತ್ತದೆ, ಪಾರ್ಲರಿನ ದಿನ ಗೊತ್ತುಮಾಡುವಾಗ ಅದನ್ನೂ ಸೇರಿಸಿಕೊಳ್ಳಿ.