ಸರಾಸರಿ 1.000, ಪಂದ್ಯ ಮಾತ್ರ ಒಂದೇ!

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದೇ ಮೇಜರ್ ಲೀಗ್ ಪಂದ್ಯ ಆಡಿ, ಒಮ್ಮೆಯೂ ಔಟಾಗದ ಆಟಗಾರ ಇದ್ದಾನಂತೆ, ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ ಕಣ್ರೀ. ಹೆಸರು ಜಾನ್ ಪಚೋರೆಕ್. 1963ರ ಸೆಪ್ಟೆಂಬರ್ 29, ಸೀಸನ್ನಿನ ಕೊನೆಯ ದಿನ. ಹ್ಯೂಸ್ಟನ್ ತಂಡ (ಈಗಿನ ಆಸ್ಟ್ರೋಸ್, ಆಗ ಕೋಲ್ಟ್ .45) ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಹೊಸ ಹುಡುಗರನ್ನೇ ಜಾಸ್ತಿ ಇಳಿಸಿತ್ತು. ಅವರಲ್ಲಿ ಇವನೂ ಒಬ್ಬ, ವಯಸ್ಸು ಬರೀ 18. ಐದು ಸಲ ಬ್ಯಾಟ್ ಹಿಡಿದ. ಮೂರು ಸಲ ಹೊಡೆದು ಬೇಸ್ ತಲುಪಿದ, ಇನ್ನೆರಡು ಸಲ ಪಿಚರ್ ನಾಲ್ಕು ಕೆಟ್ಟ ಚೆಂಡು ಎಸೆದಿದ್ದರಿಂದ ಸುಮ್ನೆ ನಡೆದುಕೊಂಡೇ ಹೋದ. ಹಾಗೆ ನಡೆದದ್ದು ಸರಾಸರಿಯ ಲೆಕ್ಕಕ್ಕಿಲ್ಲ; ಉಳಿದ ಮೂರಕ್ಕೆ ಮೂರೂ ಹೊಡೆದನಲ್ಲ, ಅದಕ್ಕೇ ಸರಾಸರಿ 1.000. ತಾನು ನಾಲ್ಕು ರನ್ ಗಳಿಸಿ, ಮೂರು ರನ್ ಬರಲು ಕಾರಣನಾದ. ಹ್ಯೂಸ್ಟನ್ 13-4ರಿಂದ ಗೆದ್ದಿತು.

ಇಂಥವನು ಮತ್ತೆ ಯಾಕೆ ಆಡಲಿಲ್ಲ ಅಂತ ಕೇಳ್ತೀರಿ, ಅಲ್ವಾ? ಬೆನ್ನು. ಆ ದಿನವೂ ಅದು ನೋಯುತ್ತಲೇ ಇತ್ತು. 1964ರಲ್ಲಿ ಬೆನ್ನುಮೂಳೆಯ ಆಪರೇಷನ್ ಆಯಿತು, ಆಮೇಲೆ ಕೆಲವು ವರ್ಷ ಕೆಳಗಿನ ಲೀಗುಗಳಲ್ಲಿ ಒದ್ದಾಡಿದರೂ ಮೇಲೆ ಕರೆ ಬರಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಪಿಟಿ ಮೇಷ್ಟ್ರಾದರು. ಜಾನ್ ಅವರ ತಮ್ಮ ಟಾಮ್ ಮೇಜರ್ ಲೀಗಿನಲ್ಲಿ 18 ಸೀಸನ್ ಆಡಿದರೂ ಟಾಮ್ ಸರಾಸರಿ .282. ಆದರೂ ನನ್ನನ್ನು ಕೇಳಿದರೆ, ತಮ್ಮನ ಬದುಕೇ ವಾಸಿ!