ಸಾಲ ಕೊಡೋರು ನಮ್ಮೂರಿನೋರಾದ್ರೆ ಸಾಕಾ?

ಪ್ರಶ್ನೆ: ಮೇಡಂ ನಮಸ್ತೆ. ದಾವಣಗೆರೆಯಲ್ಲಿ ತರ್ಟಿ ಫಾರ್ಟಿ ಸೈಟಲ್ಲಿ ಕಟ್ಟಿರೋ ಹಳೇ ಮನೆ ಒಂದನ್ನ ತಗೋಬೇಕು ಅಂತಿದೀವಿ, 38 ಲಕ್ಷಕ್ಕೆ ಮಾತಾಗಿದೆ, 30 ಲಕ್ಷ ಲೋನ್ ಬೇಕು. ಯಜಮಾನ್ರ ಸಂಬಳ ಬರೋ ಬ್ಯಾಂಕಲ್ಲಿ ಆ ಪತ್ರ ತನ್ನಿ ಈ ಪತ್ರ ತನ್ನಿ ಅಂತ ಒಂದು ತಿಂಗಳಿಂದ ಓಡಾಡಿಸ್ತಿದಾರೆ. ಬ್ರೋಕರ್ ಪರಿಚಯ ಮಾಡ್ಸಿದ ಹೌಸಿಂಗ್ ಫೈನಾನ್ಸ್‌ನೋರು ಮೂರು ದಿನದಲ್ಲಿ ಸ್ಯಾಂಕ್ಷನ್ ಮಾಡ್ತೀವಿ, ಲಾಗಿನ್ ಫೀಸ್ (ಅರ್ಜಿ ಹಾಕೋವಾಗ ಕಟ್ಟೋ ಫೀಸ್) ಈಗ್ಲೇ ಕಟ್ಟಿ ಅಂತಾರೆ. ನಮ್ಮ ಸೋದರಮಾವ ಮಾತ್ರ ಊರಿನ ಸಹಕಾರಿಯಲ್ಲೇ ತಗೊಳ್ಳಿ, ಡೈರೆಕ್ಟರ್‌ಗಳೆಲ್ಲ ಗೊತ್ತಿರೋರೇ ಅಂತಿದಾರೆ. ಯಾರನ್ನ ನಂಬೋದು?
– ಓದುಗರು, ದಾವಣಗೆರೆ

ಉತ್ತರ: ಅಮ್ಮಾ, ಆ ಬ್ಯಾಂಕಿನೋರು ಕೇಳ್ತಿರೋ ಪತ್ರ ಯಾವುದು ಅಂತ ನೀವು ಬರೆದಿಲ್ಲ, ನನಗೆ ಮೊದ್ಲು ಬೇಕಾಗಿರೋದೇ ಅದು. ತಾಯಿಪತ್ರ, ಅಂದ್ರೆ ಆಸ್ತಿಯ ಹಿಂದಿನ ಮೂಲ ಪತ್ರ ಸಿಗ್ತಿಲ್ವಾ, ಕೃಷಿ ಜಮೀನನ್ನ ಸೈಟಿಗೆ ಬದಲಾಯಿಸಿದ ಅಲಿನೇಷನ್ ಆರ್ಡರ್ ಇಲ್ವಾ, ಇಲ್ಲಾ ಮಾರೋರ ಮನೆ ವಿಭಾಗ ಪತ್ರದಲ್ಲಿ ಯಾರದಾದ್ರೂ ಸಹಿ ಬಿಟ್ಟು ಹೋಗಿದ್ಯಾ? ಬ್ಯಾಂಕಿನ ವಕೀಲರಿಗೆ ಅನುಮಾನ ಬಂದಿದೆ ಅಂದ್ರೆ ಆ ಅನುಮಾನ ಏನು ಅಂತ ಬರಹದಲ್ಲಿ ಕೇಳಿ ಇಸ್ಕೊಳ್ಳಿ. ಎಷ್ಟೋ ಸಲ ಬರೀ ಸೋಮಾರಿತನಕ್ಕೂ ಓಡಾಡಿಸ್ತಾರೆ, ಇಲ್ಲ ಅನ್ನಲ್ಲ. ಆದ್ರೆ ನಾನು ಲೋನ್ ಸೆಕ್ಷನ್‌ನಲ್ಲಿ ಕೂತಿದ್ದಾಗ ಒಂದು ಫೈಲ್ ಬಂದಿತ್ತು, ಅಣ್ಣತಮ್ಮಂದಿರು ಭಾಗ ಮಾಡ್ಕೊಂಡ ಪತ್ರದಲ್ಲಿ ತಂಗಿ ಸಹಿ ಇರ್ಲಿಲ್ಲ, ಹೆಣ್ಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ಬಂದಿದ್ರಿಂದ ನಾವು ಕೊಡಲ್ಲ ಅಂದ್ವಿ, ಸಾಲ ಕೇಳಿ ಬಂದಿದ್ದೋರು ಜಗಳ ಆಡಿ ಬೇರೆ ಕಡೆ ನಾಲ್ಕೇ ದಿನದಲ್ಲಿ ಸಾಲ ಮಾಡಿ ಮನೆ ತಗೊಂಡ್ರು, ಎರಡು ವರ್ಷಕ್ಕೆ ಆ ತಂಗಿ ಪಾಲು ಕೇಳಿ ಕೋರ್ಟಿಗೆ ಹೋದ್ರು. ಕೇಸ್ ನಡೀತಿದೆ ಅಂತ ಇಎಂಐ ನಿಲ್ಲುತ್ತಾ? ಆ ಮನುಷ್ಯ ಮತ್ತೆ ನಮ್ಮ ಬ್ರಾಂಚಿಗೆ ಬಂದು ಸುಮ್ನೆ ಕೂತಿದ್ದು ನನಗಿನ್ನೂ ಕಣ್ಮುಂದೆ ಇದೆ. ಅದಕ್ಕೇ ಹೇಳೋದು, ಮೂರು ದಿನದಲ್ಲಿ ಕೊಡ್ತೀವಿ ಅನ್ನೋರನ್ನ ಕಂಡ್ರೆ ನನಗೆ ಸಂತೋಷಕ್ಕಿಂತ ಭಯಾನೇ ಜಾಸ್ತಿ. ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿನ ಹಿತ, ಅದು ಗೊತ್ತಿರ್ಲಿ, ನಿಮ್ಮದೇ ವಕೀಲರೊಬ್ಬರಿಗೆ ಫೀಸ್ ಕೊಟ್ಟು ಪತ್ರಗಳನ್ನ ಒಂದ್ಸಲ ತೋರಿಸಿ.

ಇನ್ನು ಬಡ್ಡಿ ವಿಷಯ. ಬ್ಯಾಂಕುಗಳು 2019ರ ಅಕ್ಟೋಬರ್ ನಂತರ ಕೊಟ್ಟ ಫ್ಲೋಟಿಂಗ್, ಅಂದ್ರೆ ಏರಿಳಿಯೋ ಬಡ್ಡಿಯ ಗೃಹಸಾಲದ ದರ ರೆಪೋ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿದರ) ಥರದ ಹೊರಗಿನ ದರಕ್ಕೆ ಜೋಡಣೆ ಆಗಿರ್ಲೇಬೇಕು, ಮೂರು ತಿಂಗಳಿಗೆ ಒಂದ್ಸಲವಾದ್ರೂ ರೀಸೆಟ್ ಆಗ್ಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟುಪಾಡಿಲ್ಲ, ಅವರದ್ದೇ ಒಂದು ದರ ಇಟ್ಕೊಂಡಿರ್ತಾರೆ. 2025ರಲ್ಲಿ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ 6.50ರಿಂದ 5.50ಕ್ಕೆ ಇಳೀತಲ್ಲ, ಆಗ ನಿಮ್ಮ ಹಳೇ ಗ್ರಾಹಕರಿಗೆ ಎಷ್ಟು ಇಳಿಸಿದ್ರಿ ಅಂತ ಆ ಫೈನಾನ್ಸ್‌ನೋರನ್ನ ನೇರವಾಗಿ ಕೇಳಿ, ಮುಖ ನೋಡಿದ್ರೆ ಅರ್ಧ ಉತ್ತರ ಸಿಗುತ್ತೆ. ಒಂದು ಪರ್ಸೆಂಟ್ ತಾನೇ ಅನ್ಬೇಡಿ, 30 ಲಕ್ಷ ಇಪ್ಪತ್ತು ವರ್ಷಕ್ಕೆ 8.5ರಲ್ಲಿ ಇಎಂಐ ಸುಮಾರು 26,035, 9.5 ಆದ್ರೆ 27,964, ಒಟ್ಟು ಲೆಕ್ಕ ಹಾಕಿದ್ರೆ ನಾಲ್ಕೂವರೆ ಲಕ್ಷಕ್ಕೂ ಮೇಲೆ ವ್ಯತ್ಯಾಸ!

ಲಾಗಿನ್ ಫೀಸ್ ಕಟ್ಟೋ ಮುಂಚೆ ಲೋನ್ ಸಿಗದಿದ್ರೆ ಅದು ವಾಪಸ್ ಬರುತ್ತಾ ಕೇಳಿ. ಸಹಿ ಹಾಕೋ ಮುಂಚೆ ಕೆಎಫ್ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಕೇಳಿ, 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಹೊಸ ಸಾಲಕ್ಕೆಲ್ಲ ಕೊಡ್ಲೇಬೇಕಾದ ಹಾಳೆ ಅದು, ಬಡ್ಡಿ ಫೀಸ್ ಎಲ್ಲಾ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತೆ ಅಂತ ಒಂದೇ ಅಂಕಿಯಲ್ಲಿ ಇರುತ್ತೆ. ಮೂರೂ ಕಡೆದನ್ನ ಪಕ್ಕಪಕ್ಕ ಇಟ್ಟು ನೋಡಿ. ಇನ್ಶೂರೆನ್ಸ್ ಮಾಡ್ಸಿದ್ರೇನೇ ಲೋನ್ ಅಂದ್ರೆ ಆ ನಿಯಮ ಎಲ್ಲಿದೆ ತೋರಿಸಿ ಅನ್ನಿ. ಫ್ಲೋಟಿಂಗ್ ಬಡ್ಡಿ ಗೃಹಸಾಲವನ್ನ ಮುಂಚೆನೇ ತೀರಿಸಿದ್ರೆ ದಂಡ ಹಾಕೋ ಹಾಗಿಲ್ಲ, ಫಿಕ್ಸೆಡ್‌ಗೆ ಬೇರೆ ಲೆಕ್ಕ, ಅದನ್ನ ಓದಿಯೇ ಸಹಿ ಹಾಕಿ.

ಸೋದರಮಾವನ ಮಾತು ತೆಗೆದುಹಾಕೋ ಥರದ್ದಲ್ಲ, ಆದ್ರೆ ಒಂದು ಸಲ ಆ ಸಹಕಾರಿಯ ಹೆಸರಿನ ಬೋರ್ಡ್ ನೋಡ್ಕೊಂಡು ಬನ್ನಿ. ಪಟ್ಟಣ ಸಹಕಾರ ಬ್ಯಾಂಕ್ ಅಂತಿದ್ರೆ ಅದು ರಿಸರ್ವ್ ಬ್ಯಾಂಕ್ ಕಣ್ಗಾವಲಿನಲ್ಲಿದೆ, ಪತ್ತಿನ ಸಹಕಾರ ಸಂಘ ಅಥವಾ ಪತ್ತಿನ ಸೌಹಾರ್ದ ಸಹಕಾರಿ ಅಂತಿದ್ರೆ ಅದು ಸಹಕಾರ ಇಲಾಖೆಗೆ ಸೇರಿದ್ದು, ಗ್ರಾಹಕರ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ರ ಹೋಗೋಕಾಗಲ್ಲ, ನಾನು ಕೆಳಗೆ ಇನ್ನೊಬ್ಬ ಓದುಗರಿಗೆ ಹೇಳಿರೋ, ಪತ್ರ ವಾಪಸ್ ಕೊಡೋ ನಿಯಮಾನೂ ಅಲ್ಲಿ ನಡೆಯಲ್ಲ. ಬಡ್ಡಿ ಉಳಿದ ಅಸಲಿನ ಮೇಲೋ ಪೂರ್ತಿ ಸಾಲದ ಮೇಲೋ, ಷೇರು ಹಣ ಅಂತ ಎಷ್ಟು ಹಿಡ್ಕೋತಾರೆ, ಕೇಳೋಕೆ ಸಂಕೋಚ ಬೇಡ. ಗೊತ್ತಿರೋ ಡೈರೆಕ್ಟರ್ ಮುಂದಿನ ಎಲೆಕ್ಷನ್‌ನಲ್ಲಿ ಸೋತು ಹೋಗ್ಬಹುದು, ನಿಮ್ಮ ಸಾಲ ಮಾತ್ರ ಇಪ್ಪತ್ತು ವರ್ಷ ಇರುತ್ತೆ.

ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಖರ್ಚನ್ನ ಮನೆ ಬೆಲೆಗೆ ಸೇರಿಸಿ ಸಾಲ ಕೊಡಲ್ಲ. ನಮ್ಮಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1 ಪರ್ಸೆಂಟ್ ಇದ್ದದ್ದು 2 ಪರ್ಸೆಂಟ್ ಆಗಿದೆ, ಹಾಗಾಗಿ ಕೈಯಲ್ಲಿ ಇಟ್ಕೊಂಡಿರೋ 8 ಲಕ್ಷ ಸಾಲಲ್ಲ, ಈ ಎರಡೂ ಖರ್ಚು ಸೇರಿ ಇನ್ನೂ ಎರಡೂವರೆ ಲಕ್ಷದ ಮೇಲೆ ಹೊಂದಿಸ್ಕೊಳ್ಳಿ. ನನ್ನನ್ನ ಕೇಳಿದ್ರೆ ಸಂಬಳದ ಬ್ಯಾಂಕಲ್ಲೇ ಇನ್ನೆರಡು ವಾರ ಕಾಯಿರಿ, ಅಡ್ವಾನ್ಸ್ ಹಣ ಅಲ್ಲಿವರೆಗೂ ಕೊಡ್ಬೇಡಿ.

ಪ್ರಶ್ನೆ: ಸಾಲ ಪೂರ್ತಿ ತೀರಿಸಿ ಎರಡೂವರೆ ತಿಂಗಳಾಯ್ತು, ಬ್ಯಾಂಕಿನೋರು ಇನ್ನೂ ಆಸ್ತಿಯ ಒರಿಜಿನಲ್ ಪತ್ರ ಕೊಟ್ಟಿಲ್ಲ, ಹೆಡ್ ಆಫೀಸಿಂದ ಬರ್ಬೇಕು ಅಂತಾರೆ. ಏನ್ ಮಾಡ್ಲಿ?
– ಓದುಗರು, ಶಿವಮೊಗ್ಗ

ಉತ್ತರ: ಬಾಯಲ್ಲಿ ಕೇಳೋದು ಇವತ್ತಿಗೆ ನಿಲ್ಸಿ. 2023ರ ಡಿಸೆಂಬರ್ 1ರಿಂದ ಈಚೆಗೆ ತೀರಿದ ಸಾಲಗಳಿಗೆ 30 ದಿನದೊಳಗೆ ಎಲ್ಲಾ ಪತ್ರ ವಾಪಸ್ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, ಅವರಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡ್ಬೇಕು, ಪತ್ರ ಕಳೆದೇ ಹೋಗಿದ್ರೆ ನಕಲು ಮಾಡ್ಸಿಕೊಡೋಕೆ ಇನ್ನೊಂದು 30 ದಿನ ಸಿಗುತ್ತೆ ಆದ್ರೆ ಖರ್ಚು ಅವರದ್ದೇ. ಇದನ್ನೆಲ್ಲ ಬರೆದು ದೂರು ಕೊಟ್ಟು ಸೀಲ್ ಹಾಕಿದ ಸ್ವೀಕೃತಿ ಇಸ್ಕೊಳ್ಳಿ, ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬರ್ದಿದ್ರೆ ಓಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಹಾಕ್ಬಹುದು, ಫೀಸ್ ಇಲ್ಲ, 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಅಂತ ಹೇಳ್ತಾರೆ. ಪತ್ರ ಕೈಗೆ ಬಂದ ದಿನಾನೇ ಎಣಿಸಿ ನೋಡಿ, ಆಮೇಲೆ ಒಂದು ಹೊಸ ಇಸಿ (ಆಸ್ತಿ ಮೇಲಿನ ಋಣಭಾರ ತೋರಿಸೋ ಪತ್ರ) ತೆಗೆಸಿ ಅದರಲ್ಲಿ ಸಾಲದ ಋಣ ಬಿಡುಗಡೆ ಆಗಿರೋದು ಬಂದಿದ್ಯಾ ಚೆಕ್ ಮಾಡ್ಕೊಳ್ಳಿ.