ಅಪ್ಪನ ಹಿಡಿತ ಗಟ್ಟಿಯಿದೆ, ಮೋಟಾರ್ ಯೂನಿಟ್ ಮಾತ್ರ ಕಡಿಮೆ ಬಂದಿದೆ. ಯಾವುದನ್ನು ನಂಬಲಿ?

ತಂದೆಯವರಿಗೆ ಎ.ಎಲ್.ಎಸ್. (ಸ್ನಾಯು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ) ಅಂದಿದ್ದಾರೆ, ಹಿಡಿತ ಹೆಚ್ಚೇನೂ ಕುಗ್ಗಿಲ್ಲ, ಆದರೆ ಹೆಬ್ಬೆರಳ ಸ್ನಾಯುವಿನ ಮೋಟಾರ್ ಯೂನಿಟ್ ಅಂದಾಜು ತೀರಾ ಕಡಿಮೆ ಅಂತ ಬರೆದಿದ್ದೀರಿ. ಎರಡೂ ನಿಜವೇ ಇರಬಹುದು. ನಾನು ಹಾಸನದಲ್ಲಿ ನರಗಳ ಪರೀಕ್ಷೆ ಮಾಡುವ ಟೆಕ್ನಿಷಿಯನ್, ಮನೆ ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ. ತೋಟದ ಲೆಕ್ಕದಲ್ಲೇ ಹೇಳ್ತೀನಿ.

ಬೆನ್ನುಹುರಿಯ ಒಂದು ನರಕೋಶ, ಅದು ಆಡಿಸುವ ಸ್ನಾಯು ಎಳೆಗಳು, ಇಷ್ಟೂ ಸೇರಿ ಒಂದು ಮೋಟಾರ್ ಯೂನಿಟ್. ಅವನ್ನು ಒಂದೊಂದಾಗಿ ಎಣಿಸೋಕಾಗಲ್ಲ. ಕುಯ್ಲಿನ ಸಂಜೆ ಕಣಕ್ಕೆ ಬಂದ ಹಣ್ಣು 1000 ಕೆಜಿ, ನಾಲ್ಕಾರು ಜನರ ಚೀಲ ತೂಗಿದರೆ ಸರಾಸರಿ 50 ಕೆಜಿ. ಹಾಗಾದರೆ ಆಳು ಸುಮಾರು 20. 1971ರಲ್ಲಿ ಸಂಶೋಧಕ ಮೆಕೋಮಸ್ ಮತ್ತು ಜೊತೆಗಾರರು ತೋರಿಸಿದ ದಾರಿಯೂ ಇದೇ. ಮಣಿಕಟ್ಟಿನಲ್ಲಿ ನರಕ್ಕೆ ಕರೆಂಟ್ ಕೊಟ್ಟು ಸ್ನಾಯುವಿನ ಒಟ್ಟು ವಿದ್ಯುತ್ ಅಲೆ ಅಳೆಯುತ್ತೇವೆ. ಆಮೇಲೆ ಕರೆಂಟನ್ನು ತೀರಾ ಇಳಿಸಿ, ಚೂರು ಚೂರೇ ಏರಿಸುತ್ತೇವೆ. ಪರದೆಯ ಮೇಲೆ ಅಲೆ ನುಣ್ಣಗೆ ಬೆಳೆಯಲ್ಲ, ಮೆಟ್ಟಿಲು ಹತ್ತಿದ ಹಾಗೆ ಜಿಗಿಯುತ್ತೆ. ಒಂದು ಜಿಗಿತ ಅಂದರೆ ಹೆಚ್ಚುಕಮ್ಮಿ ಒಂದು ಯೂನಿಟ್. ಒಟ್ಟು 10 ಮಿಲಿವೋಲ್ಟ್ (ಅಂದರೆ 10,000 ಮೈಕ್ರೋವೋಲ್ಟ್), ಜಿಗಿತ ಸರಾಸರಿ 50 ಮೈಕ್ರೋವೋಲ್ಟ್ ಇದ್ದರೆ ಅಂದಾಜು 200.

ನರಕೋಶವೊಂದು ಸತ್ತಾಗ ಪಕ್ಕದ ನರದ ತುದಿ ಕವಲೊಡೆದು, ದಿಕ್ಕಿಲ್ಲದ ಎಳೆಗಳನ್ನು ತನ್ನದು ಮಾಡಿಕೊಳ್ಳುತ್ತೆ. ಅರ್ಧ ಆಳು ಬಿಟ್ಟುಹೋದರೂ ಉಳಿದವರು ಎರಡೆರಡು ಸಾಲು ಕುಯ್ದು ಅಷ್ಟೇ ಹಣ್ಣು ತಂದ ಹಾಗೆ. ಒಟ್ಟು 8 ಮಿಲಿವೋಲ್ಟ್ ಇದ್ದು ಜಿಗಿತ 200 ಮೈಕ್ರೋವೋಲ್ಟಿಗೆ ಏರಿದ್ದರೆ, ಉಳಿದದ್ದು ಬರೀ 40. ಹಿಡಿತದಲ್ಲಿ ಅದು ಗೊತ್ತೇ ಆಗದಿರಬಹುದು. ಉಳಿದವು ಅಷ್ಟು ದುಡಿಯುತ್ತಿರುತ್ತವೆ.

ಕೈ ತಣ್ಣಗಿದ್ದರೂ ಅಲೆಯ ಎತ್ತರ ಬದಲಾಗುತ್ತೆ. ಮಳೆಗಾಲದಲ್ಲಿ ಮೂಡಿಗೆರೆ ಕಡೆಯಿಂದ ಬಸ್ಸಲ್ಲಿ ಬಂದವರ ಬೆರಳು ಮುಟ್ಟಿದರೆ ಜುಮ್ಮೆನ್ನುತ್ತೆ. ಬಿಸಿನೀರಲ್ಲಿ ಕೈ ಅದ್ದಿಸಿ, ಒರೆಸಿ, ಆಮೇಲೇ ನಾನು ಎಲೆಕ್ಟ್ರೋಡ್ ಅಂಟಿಸೋದು. ಹಾಗಾಗಿ ಅದೇ ಕೈ, ಅದೇ ಲ್ಯಾಬ್, ಅದೇ ವಿಧಾನದಲ್ಲಿ ಕೆಲವು ತಿಂಗಳು ಬಿಟ್ಟು ಮತ್ತೆ ಅಳೆದರೆ ಮಾತ್ರ ಇಳಿಕೆ ಎಷ್ಟು ಬೇಗ ಆಗ್ತಿದೆ ಅಂತ ತಿಳಿಯೋದು. ವರದಿಯಲ್ಲಿ ಮ್ಯೂನಿಕ್ಸ್ (MUNIX, ಮೋಟಾರ್ ಯೂನಿಟ್ ಅಂದಾಜಿನ ಇನ್ನೊಂದು ವಿಧಾನ) ಅಂತಿದ್ದರೆ ಅದು ಸೂಚ್ಯಂಕ, ಎಣಿಕೆಯಲ್ಲ. ಬೇರೆ ವಿಧಾನದ ಸಂಖ್ಯೆಯ ಪಕ್ಕ ಇಟ್ಟು ನೋಡಬೇಡಿ.

ಈ ಒಂದು ಅಂಕಿಯಿಂದ ಇನ್ನೆಷ್ಟು ದಿನ ಅಂತ ದಯವಿಟ್ಟು ಲೆಕ್ಕ ಹಾಕಬೇಡಿ. ಮುಂದಿನ ಸಲ ನ್ಯೂರಾಲಜಿಸ್ಟ್ ಹತ್ತಿರ ಹೋದಾಗ ಉಸಿರಾಟದ ಪರೀಕ್ಷೆ ಯಾವಾಗ ಅಂತ ಮೊದಲು ಕೇಳಿ. ಊಟ ಮಾಡುವಾಗ ಕೆಮ್ಮು ಬಂದರೆ, ನೀರು ಗಂಟಲಲ್ಲಿ ಸಿಕ್ಕಿದಂತಾದರೆ ಅದನ್ನೂ ಹೇಳಿ.